ನನ್ನ ಕೊರಳು ಸಾಕ್ಷಿಯಲ್ಲ

ಕೆಂಪುಬಿಸಿಲಿನ ಎರಡನೇ ತಿಂಗಳು, ತಾರೀಖು ಮೂವತ್ತೆಂಟು
ಸವಳಹಟ್ಟಿ, ಹೊಳೆಯ ಬಲದಂಡೆ

ಹಿಂದಿನವರೇ,

ಈ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ತೊಂಬತ್ತರ ಆಸುಪಾಸು ಇರಬಹುದು. ಶಾಲೆಯ ಮಾಸ್ತರರನ್ನು ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದರು, ಆದರೆ ಅವರನ್ನು ಕೇಳುವ ಸಂಬಂಧ ನನಗೆ ಉಳಿದಿಲ್ಲ. ನಮ್ಮ ಬೇಸಿಗೆ ನಿಮ್ಮದಕ್ಕಿಂತ ಉದ್ದ, ಹಾಗಾಗಿ ತಿಂಗಳುಗಳೂ ಉದ್ದವಾಗಿವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ಈ ಓಲೆಯಲ್ಲಿ ನಾನು ಕ್ಷಮೆ ಕೇಳುವುದು ಇದೊಂದೇ ಸಲ.

ಇದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಶಾಲೆ ಮುಗಿಸಿದ ಪ್ರತಿಯೊಬ್ಬರೂ ಹಿಂದಿನ ಕಾಲದವರಿಗೆ ಒಂದು ಓಲೆ ಬರೆದು, ಹೊಳೆಗೆ ಅಡ್ಡ ನಿಂತ ಮುರುಕು ಸೇತುವೆಯ ಟೊಳ್ಳು ಕಂಬದೊಳಗೆ ಹಾಕಬೇಕು. ಸೇತುವೆ ಕಟ್ಟಿದವರು ನೀವು, ಆದ್ದರಿಂದ ಅದರೊಳಗೆ ಹಾಕಿದ್ದು ನಿಮಗೆ ಮುಟ್ಟುತ್ತದೆ ಎಂದು ಊರಿನ ನಂಬಿಕೆ. ನನಗೆ ಆ ನಂಬಿಕೆ ಇಲ್ಲ. ಕಂಬದೊಳಗೆ ಬಾವಲಿಗಳಿವೆ, ಅವು ಕಾಗದ ಓದುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು. ಮೇಲಾಗಿ ನಾನು ಶಾಲೆ ಬಿಟ್ಟವಳು, ಬರೆಯುವ ಹಕ್ಕೂ ನನಗಿಲ್ಲ. ಮಾಸ್ತರರು ತಿದ್ದಿ ಕೊಟ್ಟ ಹಿನ್ನೋಲೆಗಳಲ್ಲಿ ಎಲ್ಲವೂ ಚೆನ್ನಾಗಿರುತ್ತದೆ: ಹೊಳೆ ತುಂಬಿದೆ, ಜನ ಒಗ್ಗಟ್ಟಾಗಿದ್ದಾರೆ, ನಿಮ್ಮ ಋಣ ದೊಡ್ಡದು. ನನ್ನದನ್ನು ಯಾರೂ ತಿದ್ದಿಲ್ಲ. ನನ್ನ ಹೆಸರು ಹುಲಿಗೆಮ್ಮ, ಮನೆಯಲ್ಲಿ ಹುಲಿಗಿ ಅನ್ನುತ್ತಾರೆ, ವಯಸ್ಸು ಹತ್ತೊಂಬತ್ತು. ನನ್ನ ಕೊರಳು ಊದಿದೆ. ಆ ವಿಷಯವನ್ನೇ ಬರೆಯುತ್ತಿದ್ದೇನೆ.

ಮೊದಲು ಊರು ಹೇಗಿದೆ ಎಂದು ಹೇಳಬೇಕು. ನಾವು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಇಳಿಯುತ್ತೇವೆ. ಬಿಸಿಲು ಏರಿದ ಮೇಲೆ ನೆರಳುಹೊತ್ತು. ಆಗ ಊರಿಗೆ ಊರೇ ನೆಲದಡಿಯ ಕೋಣೆಗಳಿಗೆ ಇಳಿದು, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು ಮಲಗುತ್ತದೆ. ಸಂಜೆ ಮತ್ತೆ ಮೇಲೆ ಬರುತ್ತೇವೆ. ನಿಮ್ಮ ಕಾಲುವೆಗಳು ನೀರುಣಿಸಿ ಉಣಿಸಿ ಸವುಳು ಹಿಡಿಸಿದ ಹೊಲಗಳೇ ನಮ್ಮ ಹೊಲಗಳು. ಮೇಲೆ ಬಿಳಿ ಪೊರೆ ಕಟ್ಟಿದ ಆ ಮಣ್ಣನ್ನು ಕೆರೆದು, ತೊಟ್ಟಿಯಲ್ಲಿ ನೀರು ಹಾಯಿಸಿ, ಬಸಿದ ನೀರನ್ನು ಕಲ್ಲುಹಾಸಿನ ಮೇಲೆ ಒಣಗಿಸಿ ಉಪ್ಪು ತೆಗೆಯುತ್ತೇವೆ. ಉಣ್ಣುವುದು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೂರು ಹೊತ್ತೂ ಸಜ್ಜೆಯೇ, ಯಾಕೆಂದರೆ ಬೇರೆ ಯಾವ ಬೆಳೆಯೂ ಈ ಬಿಸಿಲಿಗೆ ನಿಲ್ಲುವುದಿಲ್ಲ.

ನಮ್ಮ ಉಪ್ಪಿಗೆ ಒಂದು ಕಥೆ ಇದೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಕಡಲು ಏರಿ ಕರಾವಳಿಯ ಉಪ್ಪಿನಗದ್ದೆಗಳು ಮುಳುಗಿದವು. ಆಗ ದೂರದಿಂದ ಉಪ್ಪು ತರುತ್ತಿದ್ದ ವ್ಯಾಪಾರಿಗಳು, ಉಪ್ಪು ಬೇಕಾದರೆ ನಿಮ್ಮ ಹೊಳೆಯ ತೂಬು ನಮ್ಮ ಕೈಗೆ ಕೊಡಿ ಎಂದರು. ಊರು ಕೊಡಲಿಲ್ಲ. ಒಂದಿಡೀ ಮಳೆಗಾಲ ಸಪ್ಪೆ ಉಂಡು, ಕಡೆಗೆ ತಮ್ಮ ಮಣ್ಣಿನಿಂದಲೇ ಉಪ್ಪು ತೆಗೆಯುವುದನ್ನು ಕಲಿತರು. ಇದನ್ನು ಉಪ್ಪಿನ ಹಟ ಎನ್ನುತ್ತೇವೆ. ಹೊರಗಿನುಪ್ಪು ಅಂದಿನಿಂದ ಊರೊಳಗೆ ಬಂದಿಲ್ಲ. ನನಗೂ ಆ ಹಟದ ಬಗ್ಗೆ ಹೆಮ್ಮೆ ಇದೆ. ಹಟ ನನಗೆ ಅವರಿಂದಲೇ ಬಂದದ್ದು. ಆದರೆ ಹೊರಗಿನುಪ್ಪಿನಲ್ಲಿ ಅಯೋಡಿನ್ ಎಂಬುದನ್ನು ಬೆರೆಸಿರುತ್ತಿದ್ದರು. ಉಪ್ಪನ್ನು ತಿರಸ್ಕರಿಸಿದಾಗ ಅದನ್ನೂ ತಿರಸ್ಕರಿಸಿದೆವು ಎಂಬುದು ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮಣ್ಣಿನಲ್ಲಿ ಅದು ಇಲ್ಲ, ನೆರೆ ಬಂದು ಬಂದು ತೊಳೆದುಕೊಂಡು ಹೋಗಿದೆ.

ಇನ್ನು ಎಳೆಯ ವಿಷಯ. ಮದುವೆಯ ಮರುದಿನ ನಮ್ಮಲ್ಲಿ ಹೆಣ್ಣಿನ ಕೊರಳಿಗೆ ಅರಿಶಿನ ಹಚ್ಚಿದ ಒಂದೆಳೆ ನೂಲನ್ನು ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟುತ್ತಾರೆ. ಬಸಿರಾದ ಮೇಲೆ ಕೊರಳು ತುಂಬುತ್ತದೆ, ಎಳೆ ಬಿಗಿಯುತ್ತದೆ, ಒಂದು ದಿನ ತಾನಾಗಿ ಹರಿಯುತ್ತದೆ. ಅವತ್ತು ಹಲಗೆ ಬಾರಿಸಿ, ಹೋಳಿಗೆ ಮಾಡಿ, ಆ ನೂಲನ್ನು ತೊಟ್ಟಿಲಿಗೆ ಕಟ್ಟಲು ತೆಗೆದಿಡುತ್ತಾರೆ. ಹೆರಿಗೆಯ ನಂತರ ಮತ್ತೆ ಹೊಸ ಎಳೆ. ತುಂಬುಗೊರಳು ಎಂದರೆ ನಮ್ಮಲ್ಲಿ ಹೊಗಳಿಕೆ. ಎಳೆಯ ಪದ್ಧತಿ ಎಷ್ಟು ಹಳೆಯದು ಎಂದು ಕೇಳಿದರೆ ಆದಿಯಿಂದಲೂ ಇದೆ ಎನ್ನುತ್ತಾರೆ. ಸುಳ್ಳು. ಅದು ಉಪ್ಪಿನ ಹಟದ ನಂತರದ್ದು. ಹೊಸ ಉಪ್ಪು ತಿಂದ ಮೊದಲ ಬಸುರಿಯರ ಕೊರಳು ಊದಿದಾಗ, ಬರಗಾಲ ಕಂಡು ಸಣಕಲಾಗಿದ್ದ ಜನ ಅದನ್ನು ಮೈ ತುಂಬಿದ್ದು ಎಂದುಕೊಂಡರು. ಅವರನ್ನು ನೋಡಿ ನಾನು ನಗುವುದಿಲ್ಲ. ಆದರೆ ಅದೇ ಮನೆಗಳಲ್ಲಿ ಹೊಟ್ಟೆಯಲ್ಲೇ ಸಾಯುವ ಕೂಸುಗಳು, ಕಿವಿ ಕೇಳದ, ಮಾತು ಬರದ, ಕುಳ್ಳಗೆ ಉಳಿಯುವ ಮಕ್ಕಳು ಬಹಳ. ಅವರಿಗೆ ಮೆತ್ತನ ಮಕ್ಕಳು ಎಂದು ಹೆಸರಿಟ್ಟು ಮುದ್ದಾಗಿ ಸಾಕುತ್ತೇವೆ; ಅದು ನಮ್ಮೂರಿನ ಒಳ್ಳೆಯ ಗುಣ. ಯಾಕೆ ಹೀಗೆ ಹುಟ್ಟುತ್ತಾರೆ ಎಂದು ಕೇಳುವುದಿಲ್ಲ. ಅದು ಕೆಟ್ಟ ಗುಣ.

ವರ್ಷಕ್ಕೊಮ್ಮೆ ಬರುವ ಎಳೆಹಬ್ಬದ ದಿನ ಶಾಲೆಯ ಹುಡುಗಿಯರೂ ಆಟಕ್ಕೆ ನೂಲು ಕಟ್ಟಿಕೊಳ್ಳುತ್ತಾರೆ. ಸಂಜೆಗೆ ಬಿಚ್ಚುವುದು ರೂಢಿ. ನಾನು ಸೋಮಾರಿ, ಹಾಗೇ ಬಿಟ್ಟೆ. ಹಬ್ಬ ಕಳೆದು ಎಷ್ಟೋ ದಿನಗಳ ಮೇಲೆ, ಗಣಿತದ ಪಾಠದ ನಡುವೆ ತಂಬಿಗೆ ಎತ್ತಿ ನೀರು ಕುಡಿದೆ. ನೂಲು ಪಟ್ಟನೆ ಹರಿದು ಮಡಿಲಿಗೆ ಬಿತ್ತು.

"ಹುಲಿಗೀದು ಹರೀತಲೇ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. "ಯಾರಂವ, ಹುಲಿಗೆಮ್ಮ?"

"ಯಾರೂ ಇಲ್ರಿ ಸರ. ನೀರು ಕುಡದೆ."

"ನೀರು ಕುಡದ್ರ ಎಳಿ ಹರೀತೈತೇನು?"

"ಹರೀತಲ್ರಿ, ನೀವ ನೋಡಿದ್ರಿ."

ತರಗತಿ ಹೋ ಎಂದಿತು. ಮರುದಿನ ಅವ್ವನನ್ನು ಕರೆಸಿ, ವಿಷಯ ತಿಳಿಯುವವರೆಗೆ ಹುಡುಗಿ ಮನೆಯಲ್ಲೇ ಇರಲಿ ಎಂದರು. ತಿಂಗಳುಗಳು ಕಳೆದವು, ನನ್ನ ಹೊಟ್ಟೆ ಇದ್ದಂತೆಯೇ ಇತ್ತು. ಬರಬಹುದು ಎಂದು ಹೇಳಿ ಕಳಿಸಿದರು. ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಗಣಿತ ಬರುತ್ತಿರಲಿಲ್ಲ, ಕೂತಲ್ಲಿ ಕೂರುವುದೂ ಬರುತ್ತಿರಲಿಲ್ಲ. ಅವಮಾನವೊಂದೇ ಕಾರಣ ಅಂದರೆ ಅರ್ಧ ಸುಳ್ಳಾಗುತ್ತದೆ. ಆದರೂ, ತಪ್ಪಾಯಿತು ಎಂಬ ಒಂದು ಮಾತು ಆ ಮನುಷ್ಯನ ಬಾಯಿಂದ ಬಂದಿದ್ದರೆ ಹೋಗುತ್ತಿದ್ದೆ. ಅವ್ವ ಕೊರಳಿಗೆ ಸುತ್ತಿಕೊಳ್ಳಲು ಒಂದು ವಸ್ತ್ರ ಕೊಟ್ಟಳು. ನಾನು ಅದರಲ್ಲಿ ರೊಟ್ಟಿ ಕಟ್ಟಿಕೊಂಡು ಸವುಳು ಕೆರೆಯಲು ಹೋದೆ.

ಡಾಕ್ಟರ್ ಖೈರುನ್ನಿಸಾ ನಮ್ಮೂರಿಗೆ ಗಾಲಿಮನೆಯಲ್ಲಿ ಬರುತ್ತಾರೆ. ಗಾಲಿಮನೆ ಎಂದರೆ ಬಿಸಿಲಿನ ಶಕ್ತಿಯಿಂದ ಓಡುವ ಪುಟ್ಟ ಆಸ್ಪತ್ರೆ. ಜ್ವರಕ್ಕೆ, ಹಲ್ಲುನೋವಿಗೆ ಜನ ಅವರ ಹತ್ತಿರ ಹೋಗುತ್ತಾರೆ. ಕೊರಳಿಗೆ ಯಾರೂ ಹೋಗುವುದಿಲ್ಲ. ನಾನು ಹೋದೆ. ಅವರು ನನ್ನ ಬೆನ್ನ ಹಿಂದೆ ನಿಂತು, ಎರಡೂ ಕೈಯ ಬೆರಳುಗಳನ್ನು ಕೊರಳ ಮೇಲಿಟ್ಟು, ಒಂದು ಗುಟುಕು ನೀರು ನುಂಗಲು ಹೇಳಿದರು. ನುಂಗಿದಾಗ ಬಾವು ಮೇಲೆ ಹೋಗಿ ಕೆಳಗಿಳಿಯಿತು. ಇದು ಥೈರಾಯ್ಡ್ ಗ್ರಂಥಿ ಎಂದರು. ಮೈಯ ಒಳಗಿನ ಉರಿಯನ್ನು ಏರಿಸುವುದು, ಇಳಿಸುವುದು ಇದರ ಕೆಲಸವಂತೆ. ಆ ಕೆಲಸಕ್ಕೆ ಅಯೋಡಿನ್ ಬೇಕು. ಸಿಗದಿದ್ದರೆ ದುಡಿದು ದುಡಿದು ಊದುತ್ತದೆ. ಬರೀ ಸಜ್ಜೆಯನ್ನೇ ತಿಂದರೆ, ಸಿಕ್ಕ ಚೂರನ್ನೂ ಬಳಸಿಕೊಳ್ಳಲು ಆ ಸಜ್ಜೆ ಗ್ರಂಥಿಯನ್ನು ಬಿಡುವುದಿಲ್ಲ. ಬಸಿರಿನಲ್ಲಿ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಕೂಸಿನ ಮೆದುಳು ಬೆಳೆಯುವುದೂ ಅದರಿಂದಲೇ.

"ಹಂಗಾರ ನಂದು ಉಪ್ಪಿನ ಬಾವು" ಎಂದೆ.

"ಇರಬಹುದು. ರಕ್ತ ನೋಡೂತನ ನಾ ಹೇಳಂಗಿಲ್ಲ, ತಂಗಿ. ಕೊರಳು ಊದೂದಕ್ಕ ಒಂದ ಕಾರಣ ಅಂತ ತಿಳ್ಕೊಂಡೀ ಏನು? ಒಳಗ ಗಂಟು ಆದ್ರೂ ಊದತೈತಿ. ಗ್ರಂಥಿ ಜಾಸ್ತಿ ಕೆಲಸ ಮಾಡಿದ್ರೂ ಊದತೈತಿ, ಅದರಾಗ ಕೈ ನಡಗತಾವು, ಎದಿ ಬಡಕೊಂತೈತಿ, ತಿಂದದ್ದು ಮೈಗೆ ಹತ್ತಂಗಿಲ್ಲ."

ಈ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರು ರಕ್ತ ತೆಗೆದುಕೊಂಡರು, ಮನೆಯವರಿಗೆಂದು ಅಯೋಡಿನ್ ಬೆರೆಸಿದ ಉಪ್ಪಿನ ಪೊಟ್ಟಣ ಕೊಟ್ಟರು. ನಾನು ಊರಿನ ತಪ್ಪನ್ನು ಹಿಡಿದಿದ್ದೇನೆ ಎಂಬ ಉಮೇದಿನಲ್ಲಿ ಹೊರಟೆ.

ನನ್ನ ಅಣ್ಣ ಯಂಕೋಬನ ಹೆಂಡತಿ ಸಾವಂತ್ರೆವ್ವ, ನನ್ನ ವೈನಿ, ಆಗ ಹೊಸದಾಗಿ ಬಸಿರು. ಅವರ ಮೊದಲ ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ. ಆಮೇಲೆ ಬಸಿರು ನಿಂತದ್ದು ಇದೇ ಮೊದಲು. ಈ ಕೂಸು ಉಳಿಯಬೇಕು, ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಅಂಗಳದಲ್ಲಿ ಎಲ್ಲರೆದುರು ಪೊಟ್ಟಣ ಬಿಚ್ಚಿ, ರೊಟ್ಟಿಯ ಮೇಲೆ ಹೊರಗಿನುಪ್ಪು ಸುರಿದುಕೊಂಡು ತಿಂದೆ. ವೈನಿ, ನೀನೂ ತಿನ್ನು ಎಂದೆ. ಓಣಿಯಲ್ಲಿ ಎಳೆ ಕಟ್ಟುವ ಮುದುಕಿ ಪಾರೋತೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಬಾಣಂತಿಕೋಣೆಗಳಲ್ಲಿ ಅವಳ ಮಾತಿಗೆ ಎದುರಿಲ್ಲ.

"ಆ ಉಪ್ಪು ಒಲಿ ಮುಟ್ಟಿತಂದ್ರ ನಾ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ, ನೋಡ್ರಿ ಮತ್ತ" ಎಂದಳು.

ವೈನಿ ಇಬ್ಬರನ್ನೂ ನೋಡಿದಳು. ಅವಳಿಗೆ ಪಾರೋತೆವ್ವ ಬೇಕು. ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದಾಗ ಉಳಿಸಿದ್ದು ಆ ಮುದುಕಿಯೇ. ಕೊನೆಗೆ ನನಗೆ ಹೇಳಿದಳು: "ಹುಲಿಗೀ, ಮೊದಲ ನಿನ್ನ ಕೊರಳು ಇಳೀಲಿ. ನಿಂದು ಇಳಿದದ್ದು ನೋಡಿ ನಾ ತಿಂತೀನಿ."

ನಾನು ಆಯಿತು ಎಂದೆ. ಅಲ್ಲಿಂದ ಮುಂದೆ ನನ್ನ ಕೊರಳು ನನ್ನದಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದರೆ ವೈನಿ ಮೊದಲು ಅದನ್ನು ನೋಡುತ್ತಿದ್ದಳು. ನಾನು ಉಪ್ಪನ್ನು ಚಟ್ನಿಗೆ, ಮಜ್ಜಿಗೆಗೆ ಹಾಕಿಕೊಂಡು ಮುಕ್ಕಿದೆ. ಕೊರಳು ಇಳಿಯಲಿಲ್ಲ. ಬದಲಿಗೆ ನಾನು ಕುಸಿದೆ. ಸುಡುವ ಬಿಸಿಲಿನ ನಾಡಿನಲ್ಲಿ ನನಗೆ ಚಳಿ. ನೆರಳುಹೊತ್ತಿನಲ್ಲಿ ಎಲ್ಲರೂ ಬೆವರುತ್ತ ಬೀಸಣಿಕೆ ಬೀಸಿಕೊಳ್ಳುವಾಗ ನಾನೊಬ್ಬಳೇ ಕಂಬಳಿ ಹೊದ್ದು ಮೂಲೆ ಸೇರುತ್ತಿದ್ದೆ. ಬಾಚಣಿಕೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬಂತು. ದನಿ ಗೊಗ್ಗರಾಯಿತು. ತಿನ್ನದೆಯೂ ಮೈ ದಪ್ಪವಾಯಿತು, ಮುಖ ಬಾತುಕೊಂಡಿತು. ಒಂದು ಬುಟ್ಟಿ ಮಣ್ಣು ಎತ್ತಿದರೆ ಕೂರಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಜಗಳವಾಡಲೂ ಮನಸ್ಸಾಗುತ್ತಿರಲಿಲ್ಲ. ಓಣಿಯವರು ಸೋಮಾರಿ ಎಂದರು. ನಾನು ಸೋಮಾರಿಯೇ ಹೌದು, ಆದರೆ ನನ್ನ ಸೋಮಾರಿತನ ನನಗೆ ಗೊತ್ತು, ಇದು ಅದಾಗಿರಲಿಲ್ಲ.

ಗಾಲಿಮನೆ ಮತ್ತೆ ಬಂದಾಗ ರಕ್ತದ ಉತ್ತರ ಬಂತು. ನನ್ನದು ಉಪ್ಪಿನ ಬಾವಲ್ಲ. ರೋಗ ತಡೆಯಲು ಮೈಯೊಳಗಿರುವ ಕಾವಲು ದಾರಿ ತಪ್ಪಿ, ನನ್ನದೇ ಗ್ರಂಥಿಯನ್ನು ಶತ್ರು ಎಂದು ತಿಳಿದು ಹೊಡೆಯುತ್ತಿದೆ. ಯಾರಿಗೆ ಯಾಕೆ ಹೀಗಾಗುತ್ತದೆ ಎಂಬುದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲವಂತೆ. ಎಷ್ಟು ಉಪ್ಪು ತಿಂದೆ ಎಂದು ಕೇಳಿದರು. ಹೇಳಿದೆ. ಸರಿಯಾಗಿ ಬೈದರು, ಇಂಥ ಬಾವಿಗೆ ಅಯೋಡಿನ್ ಅತಿಯಾದರೆ ಇನ್ನಷ್ಟು ಕೆಡುತ್ತದಂತೆ. ಗ್ರಂಥಿ ಮಾಡಬೇಕಾದ್ದನ್ನು ಮಾಡುವ ಗುಳಿಗೆ ಕೊಟ್ಟರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ, ಚಹಾಕ್ಕೂ ಮೊದಲು, ಬಹುಶಃ ಜೀವನಪೂರ್ತಿ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಉಪ್ಪಿನ ಮಾತು ನಿಜ ಎಂದು ಅವನಿಗೆ ಅಷ್ಟರಲ್ಲಿ ಅನಿಸಿತ್ತು. ಹೆಂಡತಿಯನ್ನು ಒಪ್ಪಿಸಲು ಆಗಿರಲಿಲ್ಲ.

"ಗುಳಿಗಿ ತಗೊಂಡ್ರ ಕೊರಳು ಇಳೀತೈತೇನು?"

"ಒಂಚೂರು ಇಳೀಬಹುದಂತ."

"ಹಂಗಾರ ಮುಚ್ಚಿಟ್ಟು ತಗೋ. ಇಳಿದ ಮ್ಯಾಲ ಉಪ್ಪಿನಿಂದ ಇಳೀತು ಅನ್ನು. ಆಕಿ ತಿಂತಾಳ. ಒಂದ ಸುಳ್ಳಲೇ ಹುಲಿಗೀ, ಒಂದ ಕೂಸಿನ ಸಲುವಾಗಿ."

ಅವನು ಕೇಳಿದ್ದು ತಪ್ಪು ಎಂದು ನಾನು ಬರೆಯಲಾರೆ. ಅವನು ಮೊದಲ ಕೂಸನ್ನು ತನ್ನ ಕೈಯಾರೆ ಮಣ್ಣು ಮಾಡಿದವನು. ಆದರೆ ಗುಳಿಗೆ ನಿಧಾನ, ಹೊಟ್ಟೆಯಲ್ಲಿನ ಕೂಸು ನಿಧಾನ ಮಾಡುವುದಿಲ್ಲ. ನನ್ನ ಕೊರಳು ಇಳಿಯುವವರೆಗೆ ವೈನಿ ಕಾದರೆ ಕಾಲವೇ ಮೀರುತ್ತದೆ. ಇಳಿಯದೇ ಹೋದರೆ ಅವಳು ಎಂದಿಗೂ ತಿನ್ನುವುದಿಲ್ಲ. ಇದಿಷ್ಟು ಲೆಕ್ಕ. ಲೆಕ್ಕ ಬಿಟ್ಟು ಇನ್ನೊಂದು: ನನಗೆ ಸುಳ್ಳು ಹೇಳಿದರೆ ಬಾಯಿ ಕಹಿಯಾಗುತ್ತದೆ, ಅದು ನನ್ನ ದೊಡ್ಡಗುಣವಲ್ಲ, ಹುಟ್ಟುಗುಣ.

ಆ ವಾರ ಪಾರೋತೆವ್ವ ಎಳೆ ನೋಡಲು ಬಂದಳು. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಮುದುಕಿ ವೈನಿಯ ಕೊರಳ ನೂಲಿನೊಳಗೆ ಬೆರಳು ತೂರಿಸಲು ನೋಡಿದಳು, ತೂರಲಿಲ್ಲ. "ಬಿಗದೈತಿ! ಇನ್ನೇನು, ಹೋಳಿಗಿಗೆ ಬ್ಯಾಳಿ ಹಾಕ್ರಿ" ಎಂದಳು. ಎಲ್ಲರೂ ನಕ್ಕರು. ವೈನಿ ಮಾತ್ರ ನನ್ನ ಕೊರಳನ್ನು ನೋಡಿದಳು.

"ವೈನಿ, ನಂದು ಉಪ್ಪಿಗೆ ಇಳಿಯಂಗಿಲ್ಲ" ಎಂದೆ. "ನಂದು ಬ್ಯಾರೆ ರೋಗ ಅಂತ. ರಕ್ತದಾಗ ಗೊತ್ತಾಗೈತಿ. ನಾನು ಗುಳಿಗಿ ತಗೋಬೇಕು. ನೀ ನನ್ನ ನೋಡಿ ಕಾಯಬ್ಯಾಡ."

ಪಾರೋತೆವ್ವ ತೊಡೆ ತಟ್ಟಿಕೊಂಡಳು. "ಕೇಳಿದ್ರೇನಬೇ? ಊರಿಗೆಲ್ಲ ಉಪ್ಪು ತಿನ್ನು ಅಂದಾಕಿ, ಆಕೀಗೇ ಉಪ್ಪು ನಾಟಲಿಲ್ಲಂತ!"

"ನಗ್ರಿ ಆಯಿ. ನನ್ನ ಕೊರಳು ಸಾಕ್ಷಿ ಅಲ್ಲ ಅಂತ ನಾನ ಹೇಳಾಕತ್ತೀನಿ. ನಿಮ್ಮ ಓಣಿ ಕೊರಳು ಸಾಕ್ಷಿ. ನೀವು ನೂಲು ಕಟ್ಟಿದ ತೊಟ್ಟಿಲೆಲ್ಲ ತೂಗ್ಯಾವೇನು?"

ನಗು ನಿಂತಿತು. ಆ ಅಂಗಳದಲ್ಲಿ ಬರಿದಾದ ತೊಟ್ಟಿಲು ನೋಡದ ಮನೆಯವಳು ಒಬ್ಬಳೂ ಇರಲಿಲ್ಲ. ನಾನು ಹೇಳಿದ್ದು ಕ್ರೂರವಾಗಿತ್ತು. ನಿಜವೂ ಆಗಿತ್ತು. ಪಾರೋತೆವ್ವ ಸೆರಗು ಕೊಡವಿ ಎದ್ದು ಹೋದಳು.

ಎಲ್ಲರೂ ಹೋದ ಮೇಲೆ ವೈನಿ ಬಂದು ನನ್ನ ಪಕ್ಕ ಕೂತಳು. "ನಿಮ್ಮಣ್ಣ ಹೇಳಿದ್ದು ನನಗ ಕೇಳಸೈತಿ. ಮುಚ್ಚಿಡಬಹುದಿತ್ತಲ್ಲ, ಯಾಕ ಹೇಳಿದಿ?"

"ಆಮ್ಯಾಲ ಗೊತ್ತಾಗಿದ್ರ ನೀ ಉಪ್ಪೂ ಬಿಡ್ತಿದ್ದಿ, ನನ್ನೂ ಬಿಡ್ತಿದ್ದಿ."

"ಶಾಲಿ ಬಿಟ್ಟಾಕಿಗೆ ಇಷ್ಟು ಬುದ್ಧಿ ಯಾಕಬೇ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು: "ತನಗ ನಷ್ಟ ಆಗೂ ಮಾತು ಹೇಳಿದಾಕಿ, ನನಗ ಲಾಭ ಆಗೂದ್ರಾಗ ಸುಳ್ಳು ಹೇಳಂಗಿಲ್ಲ. ನಡಿ, ಗಾಲಿಮನಿ ಎಲ್ಲೈತಿ ತೋರಸು."

ಅವಳದು ಉಪ್ಪಿನ ಬಾವೇ ಆಗಿತ್ತು. ಡಾಕ್ಟರು ಅವಳಿಗೆ ಅಯೋಡಿನ್ ಗುಳಿಗೆ ಕೊಟ್ಟರು, ಅಡುಗೆಗೆ ಉಪ್ಪು ಕೊಟ್ಟರು. ಇನ್ನೂ ಮೊದಲು ಶುರುವಾಗಿದ್ದರೆ ಚೆನ್ನಾಗಿರುತ್ತಿತ್ತು, ಈಗ ಶುರು ಮಾಡುವುದೂ ಸಣ್ಣದಲ್ಲ ಎಂದರು. ಅವರು ಸುಳ್ಳು ಸಮಾಧಾನ ಹೇಳುವುದಿಲ್ಲ, ಅದಕ್ಕೇ ನನಗೆ ಸೇರುತ್ತಾರೆ. ನೂಲನ್ನು ವೈನಿ ತಾನೇ ಕತ್ತರಿಸಿಕೊಂಡಳು. ಪಾರೋತೆವ್ವ ಹೇಳಿದಂತೆಯೇ ನಮ್ಮ ಹೊಸ್ತಿಲು ತುಳಿಯಲಿಲ್ಲ. ಹೆರಿಗೆ ಗಾಲಿಮನೆಯಲ್ಲಿ ಆಯಿತು. ಹೆಣ್ಣು ಕೂಸು.

ಈಗ ನನ್ನ ದಿನಗಳು ಹೀಗಿವೆ. ಎದ್ದ ಕೂಡಲೇ ಗುಳಿಗೆ. ಅವ್ವ "ಚಾ ಆರತೈತಬೇ" ಎಂದು ಗೊಣಗುತ್ತಾಳೆ, ನಾನು ಕಾಯುತ್ತೇನೆ. ಚಳಿ ಹೋಗಿದೆ, ಬುಟ್ಟಿ ಎತ್ತುತ್ತೇನೆ, ಜಗಳದ ಹುಮ್ಮಸ್ಸು ಪೂರ್ತಿ ಮರಳಿದೆ. ಆಗಾಗ ರಕ್ತ ಕೊಡಬೇಕು, ಗುಳಿಗೆಯ ಪ್ರಮಾಣ ಏರಿಸಬೇಕು, ಇಳಿಸಬೇಕು. ಚೆನ್ನಾಗಿದ್ದೇನೆ ಎಂದುಕೊಂಡು ಒಮ್ಮೆ ಬಿಟ್ಟು ನೋಡಿದೆ, ಕಂಬಳಿ ಮತ್ತೆ ಹೊರಬಂತು. ಕೊರಳು ಅಷ್ಟಿಷ್ಟು ಇಳಿದಿದೆ, ಪೂರ್ತಿ ಇಳಿದಿಲ್ಲ. ನಾನು ಅದನ್ನು ಮುಚ್ಚುವುದಿಲ್ಲ. ಯಾರಾದರೂ ನೋಡಿದರೆ ನೋಡಲಿ, ಕೇಳಿದರೆ ಇನ್ನೂ ಒಳ್ಳೆಯದು, ಹೇಳಲು ನನ್ನ ಹತ್ತಿರ ಬೇಕಾದಷ್ಟಿದೆ.

ಊರು ಬದಲಾಗಿದೆ ಎಂದು ಬರೆದರೆ ಮಾಸ್ತರರಿಗೆ ಇಷ್ಟವಾದೀತು. ಬದಲಾಗಿಲ್ಲ. ಎಳೆ ಕಟ್ಟುತ್ತಲೇ ಇದ್ದಾರೆ. ಇಬ್ಬರು ಬಸುರಿಯರು ಹಿತ್ತಲಿನಿಂದ ಬಂದು ಉಪ್ಪು ಒಯ್ಯುತ್ತಾರೆ, ಮುಂಬಾಗಿಲಿನಿಂದ ಬರಲು ಧೈರ್ಯವಿಲ್ಲ. ನಮ್ಮದೇ ಮಣ್ಣಿನ ಉಪ್ಪಿಗೆ ಅಯೋಡಿನ್ ಬೆರೆಸಬಹುದು, ಹಟವೂ ಉಳಿಯುತ್ತದೆ, ಮಕ್ಕಳೂ ಉಳಿಯುತ್ತಾರೆ ಎಂದು ನಾನು ಪಂಚಾಯಿತಿಯಲ್ಲಿ ಎದ್ದು ಹೇಳಿದೆ. ಕೂರಿಸಿದರು. ಮುಂದಿನ ಸಭೆಯಲ್ಲಿ ಮತ್ತೆ ಏಳುತ್ತೇನೆ. ಕೂತಲ್ಲಿ ಕೂರುವುದು ನನಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ.

ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಕಾಲದಲ್ಲಿ ಉಪ್ಪಿಗೆ ಅದನ್ನು ಬೆರೆಸಿಯೇ ಮಾರುತ್ತಿದ್ದರಂತೆ. ಅದು ಯಾಕೆ ಅಲ್ಲಿದೆ ಎಂದು ಮಕ್ಕಳಿಗೆ ಹೇಳಿಕೊಡಿ, ಅವರು ಬೇಸರಪಟ್ಟರೂ ಹೇಳಿ. ಕಾರಣ ಮರೆತ ಒಳ್ಳೆಯದನ್ನು ಮುಂದಿನವರು ಯಾವುದೋ ಜಗಳದಲ್ಲಿ ಆಚೆಗೆ ಎಸೆಯುತ್ತಾರೆ, ನಾವು ಎಸೆದೆವು. ಬೆರೆಸದ ಉಪ್ಪೇ ಶುದ್ಧ ಎಂದು ಹೆಮ್ಮೆಪಡುವವರು ನಿಮ್ಮಲ್ಲೂ ಇದ್ದರಂತೆ, ಅವರಿಗೆ ನಮ್ಮ ಓಣಿಯ ತೊಟ್ಟಿಲುಗಳ ಸುದ್ದಿ ಹೇಳಿ. ಹಾಗೆಂದು ಉಪ್ಪನ್ನೇ ಮದ್ದೆಂದು ಮುಕ್ಕಬೇಡಿ. ಯಾರದೇ ಕೊರಳು ಊದಲಿ, ಹೊಗಳುವ ಮೊದಲು, ಬೈಯುವ ಮೊದಲು, ವಸ್ತ್ರ ಸುತ್ತುವ ಮೊದಲು ರಕ್ತ ಕೊಟ್ಟು ಕೇಳಿ. ಉತ್ತರ ನಿಮಗೆ ಬೇಕಾದದ್ದೇ ಆಗಿರುತ್ತದೆ ಎಂದು ಮಾತ್ರ ತಿಳಿಯಬೇಡಿ.

ಕೂಸು ಹುಟ್ಟಿದ ಕೆಲವು ದಿನಕ್ಕೆ ಡಾಕ್ಟರು ಅದರ ಹಿಮ್ಮಡಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಕಾಗದದ ಮೇಲೆ ಒತ್ತಿಕೊಂಡು ಹೋಗಿದ್ದರು. ಇವತ್ತು ಉತ್ತರ ಬಂತು. ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆ. ಉಳಿದದ್ದು ಕಿವಿ, ಮಾತು, ನಡಿಗೆ. ಅವನ್ನು ಬೆಳೆದಂತೆ ನೋಡಬೇಕು, ಈಗಲೇ ಯಾರೂ ಮಾತು ಕೊಡಲಾರರು. ನಾನೂ ನಿಮಗೆ ಕೊಡುವುದಿಲ್ಲ. ಅದು ಈಗ ನನ್ನ ಪಕ್ಕದಲ್ಲೇ ಮಲಗಿ ಅಳುತ್ತಿದೆ. ಮೆತ್ತನ ಮಕ್ಕಳು ಹುಟ್ಟಿದಾಗ ಅಷ್ಟಾಗಿ ಅಳುವುದಿಲ್ಲ, ಅತ್ತರೂ ದನಿ ಗೊಗ್ಗರು. ಇದರ ದನಿ ಗೋಡೆ ದಾಟಿ ಓಣಿಯ ಕೊನೆಯವರೆಗೆ ಹೋಗುತ್ತಿದೆ. ನೆರಳುಹೊತ್ತಿನ ನಿದ್ದೆ ಕೆಟ್ಟಿತು ಎಂದು ಪಕ್ಕದ ಮನೆಯಿಂದ ಆಗಲೇ ಬೈಗಳು ಬಂದಿವೆ. ಯಾರೂ ಸುಮ್ಮನಾಗಿಸಬೇಡಿ ಎಂದು ಹೇಳಿದ್ದೇನೆ. ಅಳಲಿ. ಪೂರ್ತಿ ಊರು ಏಳಲಿ.

ಬರುತ್ತೇನೆ.

ಹುಲಿಗೆಮ್ಮ